ಡೆನ್ಮಾರ್ಕಿನ ಕುರ್ಚಿಗೆ ಹೆಸರು ಬಂದದ್ದು

ನಮ್ಮ ಮನೆಯಲ್ಲಿ ನಾನು ನೀರು ಕುಡಿಯುವ ಲೋಟದ ಮೇಲೆ ಮಾವನವರ ಹೆಸರಿದೆ. ಊಟದ ತಟ್ಟೆಯ ಮೇಲಿದೆ, ಸಾರಿನ ಪಾತ್ರೆಯ ಮೇಲಿದೆ, ಸ್ನಾನದ ಚೊಂಬಿನ ಮೇಲೂ ಇದೆ: ‘ಕೋದಂಡರಾಮಪ್ಪ, ಗೌನಿಪಲ್ಲಿ’. ಮಗಳ ಮದುವೆಗೆ ಕೊಡುವ ಸಾಮಾನಿಗೆಲ್ಲ ಹೆಸರು ಕೊರೆಸಿಯೇ ಕಳಿಸುವುದು ನಮ್ಮ ಕಡೆಯ ಪದ್ಧತಿ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಳ್ಳುವಾಗಲೂ ಮಾವನವರು ಎದುರಿಗೆ ಬಂದು ನಿಂತರೆ ಗಂಡಸಿನ ಸ್ವಾತಂತ್ರ್ಯ ಎಲ್ಲಿ ಉಳಿಯಿತು ಹೇಳಿ. ಬೀರು, ಫ್ರಿಜ್ಜು, ಮಂಚ, ಎಲ್ಲ ಅವರ ಮನೆಯವೇ. (ಮಂಚದ ತಲೆದೆಸೆಯಲ್ಲಿ ಕೆಂಪು ಪೇಂಟಿನಲ್ಲಿ ಬರೆಸಿದ್ದಾರೆ. ಆ ವಿಷಯ ಹೆಚ್ಚು ಮಾತಾಡುವುದು ಬೇಡ.)

ಇಷ್ಟರ ನಡುವೆ ನನ್ನ ಕಡೆಯಿಂದ ಬಂದ ವಸ್ತು ಒಂದೇ ಒಂದು, ನಮ್ಮ ತಾತ ಮುನಿಯಲ್ಲಪ್ಪನವರ ಕುರ್ಚಿ. ತಾತ ಕೆ.ಜಿ.ಎಫ್.ನಲ್ಲಿ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ತೋಟದ ಮಾಲಿಯಾಗಿದ್ದರು. ದೊರೆ ದೇಶಕ್ಕೆ ಹೊರಡುವಾಗ ಪ್ರೀತಿಯಿಂದ ಕೊಟ್ಟು ಹೋದನಂತೆ. ತೇಗದ ಮರ, ಕೆಳಗಿಳಿಯುತ್ತಾ ಸಣ್ಣಗಾಗುವ ಕಾಲು, ಕೈಯಿಟ್ಟರೆ ಜಾರುವಷ್ಟು ನಯವಾದ ಹಿಡಿ. ನನ್ನ ಹೆಂಡತಿ ಅನಿತ ಅದರ ಮೇಲೆ ಒಗೆದ ಬಟ್ಟೆಯ ಗುಡ್ಡೆ ಹಾಕುತ್ತಾಳೆ. ನಿಮ್ಮ ಕಡೆಯಿಂದ ಈ ಮನೆಗೆ ಏನು ಬಂದಿದೆ ಎಂದು ಅವಳು ಕೇಳಿದಾಗಲೆಲ್ಲ ನಾನು ಆ ಗುಡ್ಡೆಯ ಕಡೆ ಕೈ ತೋರಿಸಬೇಕಾಗುತ್ತಿತ್ತು.

ಒಂದು ದಿನ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ತಾತನ ಕುರ್ಚಿಯ ಸಾಕ್ಷಾತ್ ಅಣ್ಣತಮ್ಮಂದಿರು ಡೆನ್ಮಾರ್ಕ್ ದೇಶದಲ್ಲಿ ಸಾಲಾಗಿ ಕೂತಿದ್ದರು. ಅಲ್ಲಿನ ಹಳೆಯ ಕುರ್ಚಿಗಳಿಗೆ ಜಗತ್ತಿನಲ್ಲೆಲ್ಲ ಭಾರಿ ಮರ್ಯಾದೆಯಂತೆ. ಆದರೆ ಎಷ್ಟೋ ಕುರ್ಚಿಗಳಲ್ಲಿ ಮಾಡಿದವರ ಹೆಸರೇ ಇರುವುದಿಲ್ಲ. ಅಂಟಿಸಿದ ಚೀಟಿ ಉದುರಿರುತ್ತದೆ, ಸುಟ್ಟು ಒತ್ತಿದ ಮುದ್ರೆ ಕೊಳೆಯಡಿ ಮುಚ್ಚಿರುತ್ತದೆ. ಆಗ ಮರದ ಜೋಡಣೆ, ಸ್ಕ್ರೂ, ಹಿಡಿಯ ಬಾಗು ನೋಡಿ ಯಾರ ಕೈಕೆಲಸ ಎಂದು ಪತ್ತೆ ಮಾಡಬೇಕು. ಡೆನ್ಮಾರ್ಕಿನ ಮಹಾಶಿಲ್ಪಿಯ ಹೆಸರೊಂದು ಸಿಕ್ಕಿಬಿಟ್ಟರೆ ಗೌನಿಪಲ್ಲಿಯ ಹೆಸರಿನೆದುರು ನಾನೂ ತಲೆಯೆತ್ತಿ ನಿಲ್ಲಬಹುದು. ಬಟ್ಟೆ ಗುಡ್ಡೆಯನ್ನು ಮಂಚಕ್ಕೆ ವರ್ಗಾಯಿಸಿ, ಟಾರ್ಚು ಹಿಡಿದು ಕುರ್ಚಿಯ ಕೆಳಗೆ ಮಲಗಿದೆ.

ಮಾವಿನಕಾಯಿ ಮೂಟೆಯೊಂದಿಗೆ ಉಪ್ಪಿನಕಾಯಿ ಹಾಕಲು ಬಂದಿದ್ದ ಅತ್ತೆ ರಾಮಲಕ್ಷ್ಮಮ್ಮನವರು ನನ್ನ ಕಾಲುಗಳನ್ನು ಮಾತ್ರ ಕಂಡು ಗಾಬರಿಯಾದರು. ತಿಗಣೆಯೇ ಎಂದು ಕೇಳಿದರು. ಸೀಮೆಎಣ್ಣೆ ಈಗ ಸಿಗುವುದಿಲ್ಲವಲ್ಲ ಎಂದು ಮರುಗಿದರು. ನಾನು ಹೊರಬಂದು ತೊಡೆಯ ಧೂಳು ಕೊಡವುತ್ತಾ, ಇದರಲ್ಲಿ ಹೆಸರೇ ಇಲ್ಲ, ಅದೇ ನನ್ನ ಸಂಕಟ ಎಂದೆ. ಅಂದಿನಿಂದ ಊಟಕ್ಕೆ ಕೂತಾಗ, ಎದ್ದಾಗ ನನ್ನದು ಅದೇ ರಾಗವಾಯಿತು.

ಬೆಂಗಳೂರಿನಲ್ಲಿ ಚಂದನ ಎಂಬಾಕೆ ಹಳೆಯ ಕುರ್ಚಿ ಮೇಜುಗಳ ಮೂಲ ಹುಡುಕುತ್ತಾರೆಂದು ತಿಳಿದು ಫೋಟೋ ಕಳಿಸಿದೆ. ಡೆನ್ಮಾರ್ಕಿನದೇ ಇರಬಹುದು, ಭಾನುವಾರ ಕುರುಡುಮಲೆ ಗಣೇಶನ ದರ್ಶನಕ್ಕೆ ಬರುವವಳಿದ್ದೇನೆ, ಮುಳಬಾಗಿಲಿನಲ್ಲಿ ನಿಮ್ಮ ಮನೆಗೂ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಕುರ್ಚಿಯನ್ನು ಒರೆಸಬೇಡಿ, ತೊಳೆಯಬೇಡಿ ಎಂದರು. ಅದನ್ನೇ ನಾನು ಮನೆಯಲ್ಲಿ ರಾಜಾಜ್ಞೆಯಾಗಿ ಹೊರಡಿಸಿದೆ.

"ಕುರ್ಚಿಗೆ ಇಷ್ಟೆಲ್ಲ ಮಡಿ ಮಾಡ್ತೀರಲ್ಲ, ನನ್ನ ಸೀರೇನ ಒಂದ್ ದಿನಾನಾದ್ರೂ ಹಿಂಗೆ ನೋಡಿದ್ರಾ?" ಎಂದಳು ಅನಿತ.

"ನಿನ್ನ ಸೀರೆ ಡೆನ್ಮಾರ್ಕಿಂದ ಬಂದಿದ್ಯೇನೇ?" ಎಂದೆ. ಆ ರಾತ್ರಿ ನನಗೆ ಬಡಿಸಿದ ಮುದ್ದೆ ನಿಂಬೆಹಣ್ಣಿನಷ್ಟಿತ್ತು.

ಶುಕ್ರವಾರ ನಾನು ಕೆಲಸದಿಂದ ಬರುವಾಗ ಪಾತ್ರೆ ಅಂಗಡಿಯ ಅತೀಕ್ ಹೆಸರು ಕೊರೆಯುವ ಮಿಷನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯಿಂದ ಹೊರಟಿದ್ದ. ಅತ್ತೆ ಹೊಸ ಕೊಳಗ ಕೊಂಡಿದ್ದರು, ಅದಕ್ಕೆ ಬಂದಿದ್ದಾನೆ ಎಂದುಕೊಂಡೆ. ಅವನು ಎಂದೂ ಇಲ್ಲದ ಗೌರವದಿಂದ ಸಲಾಂ ಮಾಡಿದ. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಚಂದನ ಬಂದರು. ಬೆಂಗಳೂರಿನಿಂದ ಪಂಡಿತರು ಬರುತ್ತಾರೆಂದು ಕೇಳಿ ಮಾವನವರೂ ಗೌನಿಪಲ್ಲಿಯಿಂದ ಶಲ್ಯ ಹೊದ್ದು ಬಂದಿದ್ದರು. ಆಕೆ ಹಿಡಿ ಸವರಿ ನೋಡಿದರು, ಜೋಡಣೆಗೆ ಭೂತಗನ್ನಡಿ ಹಿಡಿದರು, ಖಂಡಿತ ಡೆನ್ಮಾರ್ಕಿನದೇ ಎಂದರು. ನಾನು ಅನಿತಳ ಕಡೆ ನೋಡಿದ ನೋಟವನ್ನು ಅವಳು ಈ ಜನ್ಮದಲ್ಲಿ ಮರೆಯಲಾರಳು. ಆಮೇಲೆ ಚಂದನ ಕುರ್ಚಿಯನ್ನು ಮೆಲ್ಲಗೆ ಮಗುಚಿ ಹಾಕಿದರು.

ಬಗ್ಗಿ ಏನನ್ನೋ ಅಕ್ಷರ ಅಕ್ಷರವಾಗಿ ಓದಿದರು.

"ಕೋದಂಡರಾಮಪ್ಪ ಅಂದ್ರೆ ಯಾರು?" ಎಂದರು ಚಂದನ.

ಕುರ್ಚಿಯ ಅಡಿಪಟ್ಟಿಯ ಮೇಲೆ, ಹೊಸದಾಗಿ, ಆಳವಾಗಿ, ಹೂವಿನ ಬಳ್ಳಿಯ ಸಮೇತ, ‘ಕೋದಂಡರಾಮಪ್ಪ, ಗೌನಿಪಲ್ಲಿ’.

ನನ್ನ ಮುಖ ನೋಡಿ ಅತ್ತೆಯವರು ಸಮಾಧಾನ ಮಾಡಿದರು. "ಒರೆಸ್ಲಿಲ್ಲ, ತೊಳೀಲಿಲ್ಲ, ನೀವ್ ಹೇಳ್ದಂಗೇ ನಡ್ಕೊಂಡ್ವಿ ಅಳಿಯಂದ್ರೆ. ಹೆಸರಿಲ್ಲ ಹೆಸರಿಲ್ಲ ಅಂತ ಅಷ್ಟು ಕೊರಗ್ತಿದ್ರಲ್ಲ, ಪೇರು ಲೇಕುಂಡಾ ಎಟ್ಲಾ, ಹೆಸರಿಲ್ದೆ ಹೆಂಗೆ ಅಂತ ನಾನೇ ಹಾಕಿಸ್ದೆ. ಯಾರಾದ್ರೂ ಫಂಕ್ಷನ್‌ಗೆ ಇಸ್ಕೊಂಡೋದ್ರೂ ವಾಪಸ್ ಬರತ್ತೆ."

ಚಂದನ ಭೂತಗನ್ನಡಿಯನ್ನು ಇನ್ನೂ ಹತ್ತಿರ ಹಿಡಿದು, ಈ ಅಕ್ಷರಗಳ ಜಾಗದಲ್ಲಿ ಮೊದಲು ಸುಟ್ಟ ಕಲೆಯೇನಾದರೂ ಇತ್ತೇ ಎಂದು ಕೇಳಿದರು. ಅತ್ತೆ ಹೆಮ್ಮೆಯಿಂದ, ಕೊಳೆ ಕೆರೆದಾಗ ದುಂಡಗೆ ಒಂದಿತ್ತು, ಅದರೊಳಗೆ ಏನೋ ಇಂಗ್ಲಿಷ್ ಗೀಚಿತ್ತು, ಅತೀಕ್ ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿ ತೆಗೆದ ಎಂದರು. ನನಗೆ ಕಣ್ಣು ಕತ್ತಲೆ ಬಂತು. ಕೂರೋಣವೆಂದು ಕುರ್ಚಿಯ ಕಡೆ ತಿರುಗಿದರೆ, ಅದನ್ನು ನೆಟ್ಟಗೆ ನಿಲ್ಲಿಸಿ ಮಾವನವರು ಆಗಲೇ ಕೂತಿದ್ದರು.

"ಭಾಳ ಚೆನ್ನಾಗಿದೆ ಕಣಪ್ಪಾ," ಎಂದರು ಹಿಡಿ ತಟ್ಟುತ್ತಾ. "ಇದನ್ನ ಯಾವಾಗ ಕೊಡ್ಸಿದ್ದೆ ನಾನು?"

ಚಂದನ ಕಾಫಿ ಕುಡಿದು, ಮಾಡಿದವರು ಯಾರೆಂದು ಇನ್ನು ಆ ದೇವರೇ ಹೇಳಬೇಕು ಎಂದು ಹೊರಟುಹೋದರು. ನಾನು ನಿಂತುಕೊಂಡೇ ಕಾಫಿ ಕುಡಿದೆ. (ಲೋಟದ ಮೇಲೆ ಏನಿತ್ತೆಂದು ನೀವೇ ಬಲ್ಲಿರಿ.) ಎರಡು ದಿನ ನಾನು ಯಾರೊಂದಿಗೂ ಮಾತಾಡಲಿಲ್ಲ. ಕೊನೆಗೆ ಅನಿತಳಿಗೇ ಪಾಪ ಅನ್ನಿಸಿರಬೇಕು. "ಅದು ನಿಮ್ಮ ತಾತಂದು ಅಂತ ನಂಗೊತ್ತಿಲ್ವಾ? ನಿಮ್ಮ ಹೆಸರೂ ಇರ್ಲಿ, ಬೇಜಾರ್ ಮಾಡ್ಕೋಬೇಡಿ," ಎಂದು ಅತೀಕನನ್ನು ಮತ್ತೆ ಕರೆಸಿದಳು. ನನಗೂ ಮನಸ್ಸು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಸಂಜೆ ಬಂದು ಕುರ್ಚಿ ಮಗುಚಿ ನೋಡಿದೆ. ಅತೀಕ್ ಮದುವೆ ಪಾತ್ರೆಗಳಿಗೆ ಕೊರೆದು ಕೊರೆದು ಪಳಗಿದ ಕೈಯಲ್ಲಿ, ಮಾವನವರ ಹೆಸರಿನ ಕೆಳಗೆ ಎಂದಿನ ವಾಡಿಕೆಯಂತೆ ನನ್ನ ಹೆಸರನ್ನೂ ಸೇರಿಸಿದ್ದ: ‘ಅಳಿಯ ಮುರಳಿಮೋಹನ್‌ಗೆ ಪ್ರೀತಿಯ ಉಡುಗೊರೆ’.