ಮಾವನ ಬೆನ್ನ ಮೇಲಿನ ಅಂಗಡಿಗಳು

ನಮ್ಮ ಸೋದರಮಾವನನ್ನು ಮೊದಲು ಓದಬೇಕಿತ್ತು, ಆಮೇಲೆ ಮಾತನಾಡಿಸಬೇಕಿತ್ತು. ನಾನು ತಮಿಳು ಅಕ್ಷರ ಕಲಿತದ್ದೇ ಅವನ ಬೆನ್ನ ಮೇಲೆ ಎಂದರೆ ನಗಬೇಡಿ. ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ಶಾಲೆಯಲ್ಲಿ ಕಲಿಸುತ್ತಿದ್ದದ್ದು ತಮಿಳು, ಮೇಷ್ಟರ ಬೋರ್ಡಿಗಿಂತ ಮಾವನ ಬೆನ್ನೇ ದೊಡ್ಡದಾಗಿತ್ತು!

ತೊಂಬತ್ತರ ದಶಕದಲ್ಲಿ ನಮ್ಮ ಸೇಲಂ ಕಡೆಯ ಸಣ್ಣಪುಟ್ಟ ಅಂಗಡಿಯವರು ಆಯುಧಪೂಜೆಗೆ ತಮ್ಮ ಹೆಸರು, ಫೋನ್ ನಂಬರ್ ಅಚ್ಚು ಹಾಕಿಸಿದ ಟೀ ಶರ್ಟುಗಳನ್ನು ಗಿರಾಕಿಗಳಿಗೆ ಹಂಚುತ್ತಿದ್ದರು. ನಮ್ಮೂರಲ್ಲಿ ಅದಕ್ಕೆ ಬನಿಯನ್ನು ಅಂತಲೇ ಹೆಸರು. ಈಗ ನಾನು ದುಡ್ಡು ಕೊಟ್ಟು ಯಾವುದೋ ದೊಡ್ಡ ಕಂಪನಿಯ ಹೆಸರು ಹೊತ್ತು ತಿರುಗುತ್ತೇನೆ, ಆ ಕಂಪನಿಗೆ ನಾನು ಯಾರೆಂದು ಗೊತ್ತೇ? ಮಾವನದು ಹಾಗಲ್ಲ. ಅವನು ಮೇಚೇರಿ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವನು. ಲಾರಿ ಹಾಗಿರಲಿ, ಸೈಕಲ್ಲೂ ಇರಲಿಲ್ಲ. ಆದರೂ ಪೂಜೆಯ ದಿನ ಶಂಕಗಿರಿಯ ಲಾರಿ ವರ್ಕ್‌ಶಾಪುಗಳಲ್ಲಿ ಕುಂಬಳಕಾಯಿ ಒಡೆಯಲು ಮಾವನೇ ಮುಂದೆ! ಪುರಿ ಕಡಲೆ ತಿಂದು, ಎಲ್ಲರ ಕ್ಷೇಮ ವಿಚಾರಿಸಿ, ವರ್ಷಕ್ಕಾಗುವಷ್ಟು ಬನಿಯನ್ನುಗಳನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ.

ಬರೀ ಹಾಕಿಕೊಂಡಿದ್ದರೆ ಸರಿಯಿತ್ತು. ಯಾವ ಅಂಗಡಿಯ ಬನಿಯನ್ನು ಮೈಮೇಲಿದೆಯೋ ಆ ದಿನ ಆ ಅಂಗಡಿಯ ಮನುಷ್ಯನೇ ಆಗಿಬಿಡುತ್ತಿದ್ದ. ಟೀ ಅಂಗಡಿಯ ಬನಿಯನ್ನು ತೊಟ್ಟ ದಿನ ಬೇರೆ ಕಡೆ ಟೀ ಮುಟ್ಟುತ್ತಿರಲಿಲ್ಲ. ಆ ಅಂಗಡಿಯದು ಟೀಯೋ ಪಾತ್ರೆ ತೊಳೆದ ನೀರೋ ಎಂದು ನಮಗೆಲ್ಲ ಅನುಮಾನ, ಮಾವ ಮಾತ್ರ ಹೊಗಳಿಕೊಂಡು ಕುಡಿಯುತ್ತಿದ್ದ. ಯಾಕೆ ಮಾವ ಈ ಕಷ್ಟ ಎಂದರೆ, "ಬಟ್ಟೆ ಕೊಟ್ಟವ್ನಿಗೆ ನಾವೇ ಯಾವಾರ ಮಾಡ್ದೆ ಓದ್ರೆ ಇನ್ಯಾರ್ಲಾ ಮಾಡ್ತಾರೆ?" ಎನ್ನುತ್ತಿದ್ದ.

ಒಮ್ಮೆ ಬೋರ್‌ವೆಲ್ ಕಂಪನಿಯ ಬನಿಯನ್ನು ತೊಟ್ಟು ಸಂತೆಗೆ ಹೋಗಿದ್ದಾನೆ. ಯಾರೋ ರೈತ, ಕಂಪನಿಯವರೇ ಸಿಕ್ಕರಲ್ಲ ಎಂದು ಕೈ ಹಿಡಿದು ಹೊಲಕ್ಕೆ ಕರೆದೊಯ್ದ. ಅಲ್ಲಪ್ಪ, ನಾನು ಕುರಿಯವನು ಎನ್ನಬಹುದಿತ್ತು ತಾನೇ? ಹಾಗೆಂದರೆ ಕಂಪನಿಯ ಮರ್ಯಾದೆ ಏನಾಗಬೇಕು! ಗಂಭೀರವಾಗಿ ಹೊಲವೆಲ್ಲ ಸುತ್ತಿ, ಬೇವಿನ ಮರದ ಬುಡದಲ್ಲಿ ಕಾಲೂರಿ ಜಾಗ ತೋರಿಸಿ, ಕೋಳಿ ಸಾರು ಉಂಡು ಬಂದ. ನೀರು ಬಂತಾ ಎಂದು ಕೇಳಿದೆ. ಆ ದಾರಿಯಲ್ಲಿ ಈಗ ಹೋಗುವುದಿಲ್ಲ ಎಂದ.

ಅತ್ತೆಗೆ ಇದರಿಂದ ತಲೆಯೆತ್ತುವಂತಿರಲಿಲ್ಲ. ದೀಪಾವಳಿಗೆ ಹೊಲಿಸಿಕೊಟ್ಟ ಬಿಳಿ ಅಂಗಿ ಪೆಟ್ಟಿಗೆಯಲ್ಲೇ ಹಳದಿಯಾಯಿತು. ನಮ್ಮ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಮಾವ ಪಂಚೆಯ ಮೇಲೆ ಶಂಕಗಿರಿಯ ಟೈರ್ ಅಂಗಡಿಯ ಕೆಂಪು ಬನಿಯನ್ನು ತೊಟ್ಟು ನಿಂತಿದ್ದ. ಗಂಡಿನ ತಂದೆ ಹುಡುಗಿಯನ್ನು ಬಿಟ್ಟು ಟೈರ್ ರೇಟು ವಿಚಾರಿಸಿದರು! ಅವರು ಹೋದ ಮೇಲೆ ಅತ್ತೆ, "ನಾನ್ ಕಟ್ಕೊಂಡಿರೋದು ಗಂಡನ್ನೋ ಬೋರ್ಡನ್ನೋ?" ಎಂದು ಎರಡು ದಿನ ಮಾತು ಬಿಟ್ಟಳು.

ಅದೇ ಕೆಂಪು ಬನಿಯನ್ನು ತೊಟ್ಟು ಮಾವ ಒಂದು ಬೆಳಗ್ಗೆ ಧರ್ಮಪುರಿಗೆ ಹೊರಟ. ತೊಪ್ಪೂರು ಘಾಟಿಯಲ್ಲಿ ಬಸ್ಸು ಮುಂದಿನ ಲಾರಿಗೆ ಗುದ್ದಿತು. ಮಾವನ ತಲೆ ಕಂಬಿಗೆ ಬಡಿದು ಪ್ರಜ್ಞೆ ತಪ್ಪಿತು. ಯಾವೂರು, ಯಾರ ಮನೆ, ಏನೂ ಯಾರಿಗೂ ಗೊತ್ತಿಲ್ಲ. ಎತ್ತಿಕೊಂಡವರು ಬೆನ್ನ ಮೇಲಿನ ನಂಬರಿಗೆ ಫೋನ್ ಮಾಡಿ, ನಿಮ್ಮ ಕೆಲಸದವನನ್ನು ಧರ್ಮಪುರಿ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರಂತೆ. ಟೈರ್ ಅಂಗಡಿಯ ಯಜಮಾನ ನೋಡಿದರೆ, ಕೆಲಸದವರೆಲ್ಲ ಎದುರಿಗೇ ಇದ್ದಾರೆ! ರಾಂಗ್ ನಂಬರ್ ಎಂದು ಇಟ್ಟುಬಿಡಬಹುದಿತ್ತು. ಆತ ಮಾತ್ರ, ಮೈಯಿಂದ ಕುರಿ ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ಹೌದೆಂದದ್ದೇ ತಡ, ಮೇಚೇರಿಯತ್ತ ಹೊರಟಿದ್ದ ಲಾರಿಯವನ ಕೈಲಿ ನಮಗೆ ಹೇಳಿಕಳಿಸಿ, ಅಂಗಡಿ ಮುಚ್ಚಿ ಆಸ್ಪತ್ರೆಗೆ ಓಡಿದ.

ಮಾವನಿಗೆ ಎಷ್ಟು ಪೆಟ್ಟಾಗಿದೆ ಎಂಬುದು ಆ ಲಾರಿಯವನಿಗೂ ತಿಳಿದಿರಲಿಲ್ಲ. ಅತ್ತೆಯೂ ನಾನೂ ಸಿಕ್ಕ ಬಸ್ಸು ಹತ್ತಿ ಧರ್ಮಪುರಿಗೆ ಓಡಿದೆವು. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದು, ನೀವು ಟೈರ್ ಕಡೆಯವರಾ ಎಂದಳು.

"ಊಂ, ಟೈರ್ ಕಡೆಯೋರೇ," ಎಂದಳು ಅತ್ತೆ.

ಒಳಗೆ ಮಾವ ತಲೆಗೆ ಕಟ್ಟು ಹಾಕಿಸಿಕೊಂಡು ಕೂತಿದ್ದ. ಯಜಮಾನ ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನಿಸುತ್ತಿದ್ದ. ಅಬ್ಬ, ಹೋದ ಜೀವ ಬಂದಂತಾಯಿತು! ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ಹೊಲಿಗೆ ಹಾಕಿದ್ದಾರೆ, ಭಯವೇನಿಲ್ಲ, ನಾಳೆ ಮನೆಗೆ ಕರೆದೊಯ್ಯಬಹುದು ಎಂದ ಯಜಮಾನ. ಅತ್ತೆ ಕೈಮುಗಿದು, ಇವರು ನಿಮ್ಮ ಕೆಲಸದವರಲ್ಲವಲ್ಲ, ಆದರೂ ಇಷ್ಟು ದೂರ ಬಂದಿರಲ್ಲ ಎಂದಳು.

"ನಮ್ಮ ಆಳ್ ದಾನ್ ಅಮ್ಮಾ," ಎಂದ ಆತ ತಮಿಳಿನಲ್ಲಿ. ನಮ್ಮವರೇ ತಾನೇ ಎಂದರ್ಥ.

ಬನಿಯನ್ನನ್ನು ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದರು. ಬರಿಮೈಯಲ್ಲಿ ಕೂತಿದ್ದ ಮಾವನ ಭುಜಕ್ಕೆ ತನ್ನ ಸೆರಗು ಹೊದಿಸಿ, ಅತ್ತೆ ಅಲ್ಲಿಯವರೆಗೂ ತಡೆದಿದ್ದ ಅಳುವನ್ನೆಲ್ಲ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಯಜಮಾನನ ಕಡೆ ತಿರುಗಿದಳು.

"ಅಣ್ಣಾ, ಇನ್ನೊಂದು ಬನೀನು ಐತಾ? ನಂಬರು ಒಸಿ ದೊಡ್ಡದಾಗಿರೋದು."