ಅತ್ತೆಯ ಪಿಂಚಣಿ, ಕಚೇರಿಯ ‘ಕೊಡಂಗಿಲ್ಲ’

ಮತ್ತೆ ಅಡ್ಡಿ. ಪೆನ್ನು ಹಿಡಿದು ಕೂತರೆ ಸಾಕು, ಮಗಳಿಗೆ ಅದೇ ಹೊತ್ತಿಗೆ ನೀರಡಿಕೆಯಾಗಬೇಕು, ಬಚ್ಚಲಿಗೆ ಹೋಗಬೇಕು, ಗೊಂಬೆಯ ಕೈ ಕಿತ್ತು ಬರಬೇಕು. ಅವಳನ್ನು ಸುಮ್ಮನಿರಿಸಿ ಬಂದರೆ ಕಮಲಾಪುರದಿಂದ ಅತ್ತೆಯ ಫೋನು.

"ಬಂತೇನು?"

"ಇನ್ನಾ ಇಲ್ರೀ ಅತ್ತಿ."

"ಹಾಂ," ಎಂದು ಇಟ್ಟುಬಿಡುತ್ತಾರೆ. ಚಹಾ ಕುಡಿದು ಮತ್ತೆ ಮಾಡುತ್ತಾರೆ.

ಬರಬೇಕಾದದ್ದು ಅವರ ಪಿಂಚಣಿ ನಿಧಿಯ ಕಾಗದಗಳು. ಅತ್ತೆ ಒಂದು ಅನುದಾನಿತ ಸಂಸ್ಥೆಯ ಹಾಸ್ಟೆಲಿನಲ್ಲಿ ರೊಟ್ಟಿ ಬಡಿದು ನಿವೃತ್ತಿಯಾದವರು. ದುಡಿಯುವಾಗ ತಿಂಗಳು ತಿಂಗಳು ಪಗಾರದಲ್ಲಿ ನಿಧಿಗೆಂದು ಹಿಡಿದುಕೊಂಡರು. ನಿವೃತ್ತಿಯ ಮೇಲೆ ಪಿಂಚಣಿ ಸ್ವಲ್ಪ ಕಾಲ ಬಂತು, ಆಮೇಲೆ ನಿಂತಿತು. ನಿಧಿ ಬರಿದಾಗಿದೆ ಎಂದು ಒಬ್ಬರು, ಭದ್ರವಾಗಿದೆ ಎಂದು ಇನ್ನೊಬ್ಬರು. ಅತ್ತೆಯ ಮೊಣಕಾಲು ಹಿಡಿದುಕೊಂಡಿವೆ, ಒಲೆ ಮುಂದೆ ಕೂತರೆ ಏಳಲಾರರು. ಆದರೂ ಹೇಳುತ್ತಾರೆ, "ನಿಧಿ ಅದನೋ ಇಲ್ಲೋ ಅಷ್ಟ್ ತಿಳದ್ರ ಸಾಕು. ಇಲ್ಲಂದ್ರ ಖಾನಾವಳಿಗಿ ಮತ್ತ ರೊಟ್ಟಿ ಬಡೀಲಾಕ ಹೋಗ್ತೀನಿ."

ಅರ್ಜಿ ಎಂದರೆ ನನ್ನ ಗಂಡ ಆಟೊ ಸ್ಟಾರ್ಟ್ ಮಾಡಿಕೊಂಡು ಹೊರಟುಬಿಡುತ್ತಾನೆ. ನಾನು ಹತ್ತನೇ ಪಾಸು, ಹಾಗಾಗಿ ನನ್ನ ಕೊರಳಿಗೆ ಬಿತ್ತು. ಮಾಹಿತಿ ಹಕ್ಕಿನ ಅರ್ಜಿ ಹಾಕಿದಂದಿನಿಂದ ನಮ್ಮ ಮನೆಗೆ ಮಾಹಿತಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಲೇ ಇದೆ.

ಒಲೆ ಹತ್ತುವ ಮುಂಚೆ

ಮೊದಲ ಅರ್ಜಿಯನ್ನು ಅತ್ತೆ ಹೇಳಿದಂತೆ ಬರೆದೆ. ಹಾಸ್ಟೆಲಿನ ಒಲೆಯಿಂದ ಶುರುವಾಯಿತು. ಹಸಿ ಕಟ್ಟಿಗೆ ಕೊಟ್ಟು ಕಣ್ಣು ಹಾಳುಮಾಡಿದ ವಾರ್ಡನ್ ಬಂದ. ಬುಟ್ಟಿ ರೊಟ್ಟಿ ಒಬ್ಬನೇ ತಿನ್ನುತ್ತಿದ್ದ ಹುಡುಗ ಬಂದ. ಅವನು ಈಗ ಪೊಲೀಸ್ ಆಗಿದ್ದಾನೆಂಬುದೂ ಬಂತು. "ಅದೂ ಬರಿ, ಹೆದರ್ತಾರ," ಎಂದರು ಅತ್ತೆ. ನಿಧಿಯ ಮಾತು ಕೊನೆಯ ಸಾಲಿನಲ್ಲಿತ್ತು.

ನಿಧಿಯ ಕಚೇರಿ ನಮ್ಮ ಊರಿನ ಐವಾನ್-ಎ-ಶಾಹಿ ಬಡಾವಣೆಯ ಕಡೆ. ಅಲ್ಲಿನ ಗುಮಾಸ್ತ ಒಂದೊಂದು ಪದದ ನೆತ್ತಿಯ ಮೇಲೂ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾ ಎಣಿಸಿದ. ನಮಸ್ಕಾರವನ್ನೂ ಬಿಡಲಿಲ್ಲ.

"ಅಕ್ಕಾರ, ಮಾಹಿತಿ ಅರ್ಜಿ ನೂರೈವತ್ತು ಪದ ದಾಟಂಗಿಲ್ಲ. ನಿಮ್ದು ಒಲಿ ಹತ್ತೂದ್ರೊಳಗೇ ಅಷ್ಟೂ ಪದ ಮುಗದಾವ."

ಅಲ್ಲೇ ಬೆಂಚಿನ ಮೇಲೆ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅರ್ಜಿಯ ಸಾಲುಗಳನ್ನು ಹೊಡೆದು ಹಾಕುತ್ತಾ ಹೋದೆ. ವಾರ್ಡನ್ ಹೋದ, ಕಟ್ಟಿಗೆ ಹೋಯಿತು, ಪೊಲೀಸ್ ಹೋದ. ಕೊನೆಗೆ ಉಳಿದದ್ದು: ‘ನಮ್ಮ ಪಿಂಚಣಿ ನಿಧಿಯ ಹಣ ಎಲ್ಲಿದೆ? ಅದರ ದಾಖಲೆಗಳ ಪ್ರತಿ ಕೊಡಿ.’

ಗುಮಾಸ್ತ ಓದಿದ. ಹಾಳೆ ತಿರುವಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದ.

"ಇಷ್ಟೇ ಏನ್ರೀ?"

"ಇಷ್ಟೇ ರೀ."

"ಹಿಂಗ ಒಮ್ಮಿಗೇ ಮೈಮ್ಯಾಲ ಬಂದಂಗ ಕೇಳಿದ್ರ ಹ್ಯಾಂಗ್ರೀ? ಜರಾ ಹಿಂದ ಮುಂದ ಏನರ ಬರೀರಿ."

ಒಲೆಯನ್ನು ವಾಪಸ್ ಹಾಕಿದೆ. ಹುಡುಗ ಪೊಲೀಸ್ ಆದದ್ದನ್ನೂ ಹಾಕಿದೆ.

ಉಂಡಿಯ ಡಬ್ಬಿ

ಅವಸರದಲ್ಲಿ ಕೆಳಗೆ ನನ್ನದೇ ಸಹಿ ಮಾಡಿಬಿಟ್ಟಿದ್ದೆ. ಉತ್ತರ ಬಂತು: ‘ತಾವು ನಿಧಿಯ ಸದಸ್ಯರಲ್ಲ. ತಮಗೂ ಈ ವಿಷಯಕ್ಕೂ ಸಂಬಂಧವಿರುವುದಿಲ್ಲ.’

ಕಮಲಾಪುರಕ್ಕೆ ಹೋಗಿ ಅತ್ತೆಗೆ ಓದಿ ಹೇಳಿದೆ. ಅವರಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೇಳಿ ಖುಷಿಪಟ್ಟರು. "ಸೊಸಿಗಿ ಸಂಬಂಧ ಇಲ್ಲಂತ. ಇದೊಂದ್ ಮಾತು ಖರೇ ಹೇಳ್ಯಾರ ನೋಡು."

ಎರಡನೇ ಅರ್ಜಿಯನ್ನು ಅತ್ತೆಯ ಹೆಸರಿನಲ್ಲೇ ಹಾಕಿದೆವು. ಅತ್ತೆಯ ಸಹಿಯಲ್ಲಿ ಕೊನೆಯ ಅಕ್ಷರ ಯಾವಾಗಲೂ ಮೆಟ್ಟಿಲು ತಪ್ಪಿದ ಹಾಗೆ ಗೆರೆಯಿಂದ ಕೆಳಗೆ ಬೀಳುತ್ತದೆ. ಬಿತ್ತು. ಅರ್ಜಿ ಹೋಯಿತು. ಉತ್ತರವೂ ಬಂತು, ಅದನ್ನೂ ಒಯ್ದು ಓದಿದೆ: ‘ಸದರಿ ದಾಖಲೆಗಳನ್ನು ಫಲಾನುಭವಿಗಳ ಹಿತಕ್ಕಾಗಿ, ಅವರ ನಂಬಿಕೆಯ ಮೇಲೆ ಕಾಪಾಡಿಕೊಂಡು ಬಂದಿರುವುದರಿಂದ ಕೊಡಲು ಬರುವುದಿಲ್ಲ.’

"ಫಲಾನುಭವಿ ಅಂದ್ರ ಯಾರು?" ಅತ್ತೆ ಕೇಳಿದರು.

"ನೀವೇ ರೀ."

"ಅಂದ್ರ ನನ್ನ ಸಲುವಾಗಿ, ನನಗ ಕಾಣದಂಗ ಮುಚ್ಚಿಟ್ಟಾರ?"

"ಹೌದ್ರೀ."

ಅತ್ತೆ ಸೆರಗಿನ ಚುಂಗು ಸುತ್ತಿದರು. "ಮೊಮ್ಮಗಳಿಗಿ ಹೊಟ್ಟಿ ಕೆಡಬಾರದಂತ ನಾನೂ ಉಂಡಿ ಡಬ್ಬಿ ಮ್ಯಾಲ ಮುಚ್ಚಿಡ್ತೀನಿ. ಅಕಿ ಹಿತಕ್ಕೇ ಇಡ್ತೀನಿ, ಖರೇ. ಆದ್ರ ಅಕಿ ಮಲಗಿದ ಮ್ಯಾಲ ತಿನ್ನೂದು ನಾನೇ."

ಕೆಂಪು ಸಿಪ್ಪೆ

ಕಾಗದದಿಂದ ಆಗುವ ಕೆಲಸವಲ್ಲ ಎಂದು ಅತ್ತೆ ತಾವೇ ಬಸ್ಸು ಹತ್ತಿ ಬಂದರು. ಬರಿಗೈಯಲ್ಲಿ ಒಬ್ಬರ ಹತ್ತಿರ ಹೋಗುವುದು ಅವರ ಹುಟ್ಟಿನಲ್ಲೇ ಇಲ್ಲ. ಚೀಲದ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಒಯ್ದು ಮಾಹಿತಿ ಅಧಿಕಾರಿಯ ಮೇಜಿನ ಮೇಲೆ ಇಟ್ಟರು.

ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿದರು, ಚೀಲದಲ್ಲಿ ಹಾವಿದೆಯೇನೋ ಎಂಬಂತೆ. "ಅಮ್ಮಾ, ಇದು ಲಂಚ ಆಗ್ತದ. ಒಯ್ರಿ."

"ಲಂಚ ಅಂದ್ರ ಕೆಲಸ ಮಾಡಿದವ್ರಿಗಿ ಕೊಡೂದು ಸಾಹೇಬ್ರ. ನೀವು ಏನೂ ಮಾಡಿಲ್ಲಲ್ಲ. ಇವು ಬರೇ ಹಣ್ಣು."

ಸಾಹೇಬರು ಬಹಳ ಕಟ್ಟುನಿಟ್ಟು. ನಾಳೆ ಯಾರೂ ಬೆರಳು ತೋರಿಸಬಾರದೆಂದು ಗುಮಾಸ್ತನನ್ನು ಕರೆದು ಹಣ್ಣನ್ನು, ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕದಲ್ಲಿ ಬರೆಸಿದರು. ಹಣ್ಣಿಗೆ ಅಲ್ಲೇ ನಂಬರ್ ಬಿತ್ತು. ನನ್ನ ಮೊದಲ ಅರ್ಜಿಗೆ ನಂಬರ್ ಬೀಳಲು ನಾನು ಎಷ್ಟು ಸಲ ಓಡಾಡಿದ್ದೆನೋ. ಆಮೇಲೆ ಸಾಹೇಬರು ಸ್ವಲ್ಪ ಮೆತ್ತಗಾಗಿ ಹೇಳಿದರು, "ಆ ದಾಖಲಿಯೊಳಗ ಎಲ್ಲಾ ಪಿಂಚಣಿದಾರರ ಹೆಸರು, ಲೆಕ್ಕ ಅವ. ಅವರಿಗೆಲ್ಲಾ ನೋಟಿಸ್ ಕೊಟ್ಟು ಕೇಳ್ತೀನಿ. ಯಾರದೂ ಆಕ್ಷೇಪಣಾ ಇಲ್ಲಂದ್ರ ಕೊಟ್ಟುಬಿಡ್ತೀನಿ." ಅತ್ತೆ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಹಣ್ಣಿನ ಮಹಿಮೆ ಎಂದು ಅರ್ಥ.

ನೋಟಿಸ್ ಹೋಯಿತೇ ಎಂದು ಕೇಳಲು ಮುಂದಿನ ವಾರ ಹೋದೆ. ಮಾತಿಗೆ ಮಾತು ಬಂದು, ಹಣ್ಣು ಏನಾದವು ಎಂದು ಗುಮಾಸ್ತನನ್ನು ಕೇಳಿದೆ.

"ಅದು ಕಚೇರಿ ಒಳಗಿನ ವಿಷಯ ರೀ. ಹೇಳಾಕ ಬರಂಗಿಲ್ಲ."

ಬೇರೆ ಬಾಳೆಹಣ್ಣಾಗಿದ್ದರೆ ಮುಚ್ಚಿಟ್ಟರೂ ನಡೆಯುತ್ತಿತ್ತು. ಇದರ ಸಿಪ್ಪೆ ಕೆಂಪು. ಮಗಳು ಅವನ ಕಸದ ಬುಟ್ಟಿಯಲ್ಲಿ ಇಣುಕಿ ನಿಂತಿದ್ದಳು. "ಅವ್ವಾ, ಅಜ್ಜಿ ಹಣ್ಣು ತಿಂದಾರ ನೋಡು."

ಗುಮಾಸ್ತ ಬುಟ್ಟಿಯನ್ನು ಕಾಲಿನಿಂದಲೇ ಮೇಜಿನ ಕೆಳಗೆ ತಳ್ಳಿದ. ಅಲ್ಲಿಗೆ ಅದೂ ಗುಪ್ತ ದಾಖಲೆಯಾಯಿತು.

ನಾನು ಕೊಟ್ಟ ತರಬೇತಿ

ಅದೇ ದಿನಗಳಲ್ಲಿ ಅತ್ತೆಯ ನೆರೆಯವರಿಗೆ ಯಾರೋ ಬ್ಯಾಂಕಿನ ಹೆಸರು ಹೇಳಿ ಫೋನು ಮಾಡಿ ಖಾತೆ ಬಳಿದುಕೊಂಡು ಹೋದರು. ನನಗೆ ಅತ್ತೆಯ ಭಯ. ನಾನೇ ಕಳ್ಳಿಯಾಗಿ ದನಿ ಬದಲಿಸಿ ಫೋನು ಮಾಡಿದೆ. "ನಮಸ್ಕಾರ, ಬ್ಯಾಂಕಿನಿಂದ ಮಾತಾಡ್ತಿದ್ದೇವೆ. ನಿಮ್ಮ ವಿವರ ಹೇಳಿ." ಅತ್ತೆ ಹೆಸರು ಹೇಳಿದರು, ಊರು ಹೇಳಿದರು, ಪಾಸ್‌ಬುಕ್ ಇಟ್ಟ ಪೆಟ್ಟಿಗೆಯ ಕೀಲಿ ಯಾವ ಡಬ್ಬಿಯಲ್ಲಿದೆ ಎಂಬುದನ್ನೂ ಹೇಳಿದರು.

"ಅತ್ತಿ, ಯಾರರ ಕೇಳ್ಲಿ, ಏನರ ಕೇಳ್ಲಿ, ‘ಕೊಡಂಗಿಲ್ಲ’ ಅನ್ರಿ. ಹಿಂಗ ಕೇಳಿದ್ರು ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಅತ್ತೆ ಕಲಿತರು. ಗ್ಯಾಸಿನವನು ಮೊಬೈಲಿಗೆ ಬಂದ ನಂಬರ್ ಕೇಳಿದ, "ಕೊಡಂಗಿಲ್ಲ." ಸಿಲಿಂಡರ್ ವಾಪಸ್ ಹೋಯಿತು. ಮೊಣಕಾಲು ನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು, "ನಿಮಗ್ಯಾಕ ಬೇಕು ಅದು?" ಒಂದು ಮಧ್ಯಾಹ್ನ ನಾನೇ ಫೋನು ಮಾಡಿ ಊಟ ಆಯಿತೇ ಎಂದು ಕೇಳಿದೆ. 

"ಯಾರದು ಕೇಳಾವ್ರು?"

ನಿಜ ಹೇಳುತ್ತೇನೆ, ಅವತ್ತು ನನಗೆ ಹೆಮ್ಮೆಯಾಗಿತ್ತು.

ಇಬ್ಬರೂ ಹಾಜರಿರಲಿ

ಕಚೇರಿಯಿಂದ ಮತ್ತೊಂದು ಉತ್ತರ ಬಂತು. ಉಳಿದ ಪಿಂಚಣಿದಾರರೆಲ್ಲ ಒಪ್ಪಿದ್ದಾರೆ, ಆದರೆ ಒಬ್ಬರು ಲಿಖಿತ ಆಕ್ಷೇಪಣೆ ಸಲ್ಲಿಸಿರುವುದರಿಂದ ಮಾಹಿತಿಯನ್ನು ನಿರಾಕರಿಸಲಾಗಿದೆ. ಆ ಒಬ್ಬರು ಯಾರು? ಅದು ಅವರ ಖಾಸಗಿ ಮಾಹಿತಿ, ಹೇಳಲು ಬರುವುದಿಲ್ಲ.

ಅತ್ತೆ ಅಂದೇ ಖೂಬಾ ಪ್ಲಾಟಿನ ನಮ್ಮ ಬಾಡಿಗೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಓಣಿಗೆಲ್ಲ ಕೇಳುವಂತೆ ಶುರುವಾಯಿತು. "ಯಾವಕಿ ಅಕಿ ಹಾಳಾದಕಿ? ಬರದ ಕೈ ಸೇದಿ ಹೋಗ್ಲಿ. ನನ್ನಂಗೇ ಅಕಿ ಮೊಣಕಾಲೂ ಹಿಡೀಲಿ. ಅಕಿ ಸೊಸಿ ಅಕಿಗಿ ನೀರ ಕೊಡದಂಗ ಆಗ್ಲಿ." ನಾನು ಒಳಗಿನಿಂದ ನೀರು ತಂದುಕೊಟ್ಟೆ. ಕುಡಿದು ಮತ್ತೆ ಬೈದರು.

ಮೇಲ್ಮನವಿ ಹಾಕಿದೆವು. ವಿಚಾರಣೆಗೆ ಮೇಲಿನ ಅಧಿಕಾರಿ ಬಂದಿದ್ದರು, ವಯಸ್ಸಾದವರು, ಸೌಮ್ಯ. ಅವರ ಪಕ್ಕದಲ್ಲಿ ನಮ್ಮ ಬಾಳೆಹಣ್ಣಿನ ಸಾಹೇಬರು. ಮೇಲಿನವರು ಫೈಲು ತೆಗೆದು ಒಂದು ಹಾಳೆ ಓದಿದರು, ಇನ್ನೊಂದು ಓದಿದರು, ಎರಡನ್ನೂ ಪಕ್ಕಪಕ್ಕ ಇಟ್ಟರು.

"ಅಮ್ಮಾ, ಈ ಅರ್ಜಿ ಮ್ಯಾಲಿನ ಸಹಿ ಯಾರದು?"

"ನಂದೇ ರೀ."

"ಈ ಆಕ್ಷೇಪಣಾ ಮ್ಯಾಲಿಂದು?"

ಅತ್ತೆ ಹಾಳೆಯನ್ನು ಕೈಯುದ್ದ ಹಿಡಿದು ನೋಡಿದರು. ಕೊನೆಯ ಅಕ್ಷರ ಮೆಟ್ಟಿಲು ತಪ್ಪಿ ಕೆಳಗೆ ಬಿದ್ದಿತ್ತು.

"ಇದೂ ನಂದೇ ಇದ್ದಂಗ ಅದ ರೀ."

ಆಮೇಲೆ ಹೊರಬಿತ್ತು. ಪೋಸ್ಟಿನವನು ಒಂದು ನೋಟಿಸ್ ತಂದು ಅತ್ತೆಗೆ ಓದಿ ಹೇಳಿದ್ದ: ನಿಮ್ಮ ಪಿಂಚಣಿ ನಿಧಿಯ ದಾಖಲೆಗಳನ್ನು ಒಬ್ಬರು ಕೇಳಿದ್ದಾರೆ, ಕೊಡಲು ನಿಮ್ಮ ಆಕ್ಷೇಪಣೆ ಇದೆಯೇ? ಕೇಳಿದವರ ಹೆಸರು ಅದರಲ್ಲಿ ಇರಲಿಲ್ಲ.

"ಯಾರರ ಕೇಳಿದ್ರ ಕೊಡಂಗಿಲ್ಲ ಅನ್ನಬೇಕಂತ ಸೊಸಿ ಹೇಳಿಕೊಟ್ಟಾಳ ರೀ. ಪೋಸ್ಟಿನವನ ಕೈಲೇ ಬರಸಿ ಸಹಿ ಹಾಕಿ ಕಳಸೀನಿ."

"ಸೊಸಿಗಿ ಒಂದ್ ಮಾತು ಹೇಳಬೇಕಿಲ್ಲೇನಮ್ಮಾ?"

"ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತನೂ ಅಕಿನೇ ಕಲಸ್ಯಾಳ."

ಎಲ್ಲರೂ ನನ್ನನ್ನು ನೋಡಿದರು. ನಾನು ಮಗಳ ಜಡೆಯ ರಿಬ್ಬನ್ ಬಿಚ್ಚಿ ಕಟ್ಟಿದೆ.

"ಹಂಗಾದ್ರ ಆಕ್ಷೇಪಣಾ ಈಗಲೇ ವಾಪಸ್ ತಗೋತಾರ್ರೀ," ಎಂದೆ.

ಬಾಳೆಹಣ್ಣಿನ ಸಾಹೇಬರು ಎದ್ದು ನಿಂತರು. "ಬರಂಗಿಲ್ಲ ಸರ್. ಇವರು ಇವತ್ತು ಅರ್ಜಿದಾರರಾಗಿ ಬಂದಾರ. ಆಕ್ಷೇಪಣಾ ಕೊಟ್ಟವರಿಗೆ ಇವತ್ತಿನ ನೋಟಿಸೇ ಹೋಗಿಲ್ಲ. ಅವರು ಇಲ್ಲದಾಗ ಅವರ ವಿಷಯ ಅರ್ಜಿದಾರರ ಮುಂದ ಮಾತಾಡಿದ್ದೇ ತಪ್ಪಾಗ್ಯದ."

ಮೇಲಿನ ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಿಯಮದ ಪುಸ್ತಕ ತಿರುವಿದರು. ನಂತರ ಆದೇಶ ಹೇಳಿದರು. "ಮುಂದಿನ ತಾರೀಖಿಗಿ ಅರ್ಜಿದಾರರೂ ಆಕ್ಷೇಪಣಾದಾರರೂ ಇಬ್ಬರೂ ಹಾಜರಿರಲಿ. ಅಷ್ಟರೊಳಗ ಇಬ್ಬರೂ ಕೂತು ಮಾತಾಡಿ, ಒಂದ್ ತೀರ್ಮಾನಕ್ಕ ಬಂದ್ರ ಛಲೋ."

"ಆಯ್ತು ರೀ," ಎಂದರು ಅತ್ತೆ. "ನಾ ಅಕಿಗಿ ಹೇಳ್ತೀನಿ."

ಬಸ್ ಸ್ಟ್ಯಾಂಡಿಗೆ ಬಂದೆವು. ಬಸ್ಸು ಬರುವ ಹೊತ್ತಿಗೆ ಅತ್ತೆ ಹೇಳಿದರು: "ಖಾನಾವಳಿಯಂವ ಸೋಮವಾರದಿಂದ ಬರ್ತೀರೇನ್ ಅಂತ ಕೇಳ್ಯಾನ." ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಹತ್ತಿದರು. ಕಿಟಕಿಯ ಹತ್ತಿರ ಕೂತು ನನ್ನನ್ನು ಕರೆದರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ನಾನು ಮಗಳನ್ನು ಎತ್ತಿಕೊಂಡು ಪಕ್ಕದಲ್ಲೇ ನಡೆದೆ. ಅವರು ಕೇಳಿದ್ದು ಇಷ್ಟು:

"ಅಲ್ಲ ಯವ್ವಾ, ಅಕಿ ‘ಕೊಡಬ್ಯಾಡ್ರಿ’ ಅಂತ ಒಂದೇ ಸಲ ಬರದ್ಲು, ಆ ಕೂಡ್ಲೇ ಅಕಿ ಮಾತು ಕೇಳಿದ್ರು. ನಾ ‘ಕೊಡ್ರಿ, ಕೊಡ್ರಿ’ ಅಂತ ಬರದು ಬರದು ಸಾಕಾಗೀನಿ, ಒಬ್ಬರೂ ಕೇಳವಲ್ರು. ಇಬ್ಬರೂ ನಾನೇ ಅಲ್ಲೇನು?"