ಅಟ್ಟದ ಕಾಯಿ ಮತ್ತು ವಾಯ್ಡ್ ಪಾಯಿಂಟರ್

ಈ ಕತೆಯನ್ನು ಮೊದಲು ಹೇಳಿದವರು ದಬ್ಬೇಘಟ್ಟದ ದುರ್ಗಯ್ಯನವರು; ಕಳೆದ ಕಾರ್ತಿಕದಲ್ಲಿ, ತೆಂಗಿನಕಾಯಿ ಸುಲಿಯುತ್ತ ಕುಳಿತವರ ನಡುವೆ. ಅವರು ಹೇಳಿದ ಕ್ರಮದಲ್ಲೇ ಇಲ್ಲಿದೆ.

ಮಾಯಸಂದ್ರದ ಜ್ಞಾನೇಶ ತಿಪಟೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಸಿ ಎಂಬ ಕಂಪ್ಯೂಟರ್ ಭಾಷೆಯ ವಾಯ್ಡ್ ಪಾಯಿಂಟರ್ ಕುರಿತು ಕನ್ನಡದಲ್ಲಿ ಒಂದು ಪುಟ ಬರೆಯುವಂತೆ ಪ್ರಾಂಶುಪಾಲರು ಅಪ್ಪಣೆ ಮಾಡಿದ್ದರು. "ಕಂಪ್ಯೂಟರ್ ಮುಟ್ಟದವರಿಗೂ ಅರ್ಥ ಆಗ್ಬೇಕು. ನಾಳೆ ಮಧ್ಯಾಹ್ನ ತನ್ನಿ. ನಿಮ್ಮನ್ನ ಮುಂದುವರಿಸೋದು ಅದರ ಮೇಲೆ ನಿಂತಿದೆ."

ಮರುದಿನ ಬೆಳಿಗ್ಗೆ ಜ್ಞಾನೇಶ ಬರೆದಷ್ಟನ್ನು ಜಗಲಿಯಲ್ಲಿ ನೆರೆಮನೆಯ ಸಿದ್ದಗಂಗಮ್ಮನವರಿಗೆ ಓದಿದ: "ಈ ಪಾಯಿಂಟರ್ ಯಾವ ಬಗೆಯ ವಸ್ತುವಿನ ವಿಳಾಸವನ್ನಾದರೂ ಇಟ್ಟುಕೊಳ್ಳುತ್ತದೆ. ಆದರೆ ಅಲ್ಲಿರುವುದು ಏನೆಂದು ಹೇಳುವುದಿಲ್ಲ."

"ಮನೆ ಎಲ್ಲೈತೆ ಅಂತ ಗೊತ್ತು, ಒಳಗ್ಯಾರವ್ರೆ ಅಂತ ಗೊತ್ತಿಲ್ಲ. ಅಂಥಾ ಕಡೆ ಹೆಣ್ಣು ಕೊಡ್ಬ್ಯಾಡ ಕಣಪ್ಪ," ಎಂದು ಸಿದ್ದಗಂಗಮ್ಮ ತೀರ್ಪು ಕೊಟ್ಟರು.

ಹೆಣ್ಣು ಎಂಬ ಮಾತು ಕಿವಿಗೆ ಬಿದ್ದೊಡನೆ ಎದುರುಮನೆಯ ಕೆಂಚಯ್ಯ ಹಾಜರಾದರು. ವಿಷಯ ಕೇಳಿ, "ಇಷ್ಟೇನಾ? ಕೊಬ್ಬರಿ ಆಗ್ಲಿ ಅಂತ ಅಟ್ಟಕ್ಕಾಕಿರೋ ಕಾಯಿ ಇದ್ದಂಗೆ. ಒಳಗೆ ನೀರೋ ಕೊಬ್ಬರಿಯೋ ಹೊರಗಿಂದ ಕಾಣಾಕಿಲ್ಲ. ಅಲ್ಲಾಡ್ಸಿದ್ರೆ ಗೊತ್ತಾಯ್ತದೆ," ಎಂದರು.

"ಕಂಪ್ಯೂಟರ್ ಅಲ್ಲಾಡ್ಸಿ ನೋಡಾಕಿಲ್ಲ ಕೆಂಚಯ್ಯಣ್ಣ. ಏನೈತೆ ಅಂತ ನಾವೇ ಹೇಳ್ಬೇಕು. ಹೇಳ್ದಂಗೇ ನಂಬ್ತದೆ."

"ತಪ್ಪು ಹೇಳಿದ್ರೆ?"

"ಏನಾಯ್ತದೋ ಯಾರೂ ಹೇಳಾಕಾಗಲ್ಲ."

"ಅದೇನಾಯ್ತದೆ ನೋಡೇ ಬುಡಾನ!"

ಕೆಂಚಯ್ಯ ಅಟ್ಟದಿಂದ ಕಾಯಿ ತಂದರು, ಸುಲಿದರು, ಕಂಪ್ಯೂಟರಿನಂತೆಯೇ ಅಲ್ಲಾಡಿಸಿ ನೋಡದೆ, "ಕೊಬ್ಬರಿ!" ಎಂದು ಘೋಷಿಸಿ ಮಚ್ಚಿನ ಏಟು ಹಾಕಿದರು. ಅರೆ ಒಣಗಿದ ಕಾಯೊಳಗಿನ ಕೊಳೆತ ನೀರು ಜ್ಞಾನೇಶನ ಇಸ್ತ್ರಿ ಅಂಗಿಗೆ ಚಿಮ್ಮಿತು.

ಸಿದ್ದಗಂಗಮ್ಮ ಮೂಗಿಗೆ ಸೆರಗು ಹಿಡಿದು, "ಈಗ ಅರ್ಥ ಆಯ್ತು ಬುಡು," ಎಂದರು.

ಜ್ಞಾನೇಶ ನಡೆದದ್ದನ್ನೇ ಬರೆದ. ಅಟ್ಟಕ್ಕೆ ಹಾಕಿದವನು ಹಾಕಿದ್ದೇನೆಂದು ನೆನಪಿಟ್ಟು ಒಡೆಯುವವನಿಗೆ ಹೇಳಬೇಕು. ತಪ್ಪು ಹೇಳಿ ಒಡೆಸಿದರೆ ಅಂಗಿಗೆ ಯಾರೂ ಹೊಣೆಯಲ್ಲ. ಅಷ್ಟರಲ್ಲಿ ಬಸ್ಸು ಬಂತು. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಅವನ ಅಕ್ಕಪಕ್ಕದ ಸೀಟುಗಳು, ಆಗತಾನೇ ಬಣ್ಣ ಬಳಿದಿದ್ದಾರೆ ಎಂಬಂತೆ, ತಿಪಟೂರಿನವರೆಗೂ ಖಾಲಿಯಿದ್ದವು.

ಪ್ರಾಂಶುಪಾಲರು ಕಿಟಕಿ ತೆರೆಸಿ ಪುಟ ಓದಿದರು. ಪರೀಕ್ಷಿಸಲೆಂದು, ಕಸ ಗುಡಿಸುತ್ತಿದ್ದ ಓಬಮ್ಮನನ್ನು ಕರೆದು ಗಟ್ಟಿಯಾಗಿ ಇನ್ನೊಮ್ಮೆ ಓದಿದರು.

"ಏನಿಟ್ಟಿದ್ದೀವಿ ಅಂತ ಇಟ್ಟೋರೇ ಹೇಳ್ಬೇಕು. ಅಷ್ಟೇ ತಾನೇ ಸಾರ್? ಇದಕ್ಯಾಕೆ ಕಾಲೇಜು?" ಎಂದಳು ಓಬಮ್ಮ.

ಪ್ರಾಂಶುಪಾಲರು ಎದ್ದು ಜ್ಞಾನೇಶನ ಕೈ ಕುಲುಕಿದರು. "ಅದ್ಭುತ ಕಣ್ರೀ! ಇದೇ ಥರ ಎಲ್ಲಾ ಪಾಠನೂ ಈ ವಾರದಲ್ಲಿ ಬರೆದುಕೊಟ್ಟುಬಿಡಿ. ಹುಡುಗ್ರು ತಾವೇ ಓದ್ಕೋತಾರೆ. ಮುಂದಿನ ಸೆಮಿಸ್ಟರ್‌ಗೆ ಮೇಷ್ಟ್ರೇ ಬೇಕಾಗಿಲ್ಲ."

ದುರ್ಗಯ್ಯನವರು ಇಷ್ಟಕ್ಕೆ ನಿಲ್ಲಿಸಿದರು. ಕೇಳುತ್ತಿದ್ದವರು ನಕ್ಕು, ಬಟ್ಟೆಗಂಟಿದ ನಾರು ಕೊಡವಿಕೊಂಡು ಎದ್ದು, ತಂತಮ್ಮ ಮನೆಗಳ ಕಡೆ ಹೊರಟರು.